ಸ್ಕ್ರಿಪ್ಟ್ ಏನು ಮಾಡಿತು ಎಂದು ಕಿವಿಗೆ ಹೇಳುವುದು: ಒಂದು ಬಿಲ್ಲಿಂಗ್ ಮೇಜಿನ ಪ್ರಕರಣ

ಹುಬ್ಬಳ್ಳಿಯ ಒಂದು ಎಲೆಕ್ಟ್ರಿಕಲ್ ಸಾಮಾನಿನ ಸಗಟು ಅಂಗಡಿಯಲ್ಲಿ ಬಿಲ್ಲಿಂಗ್ ನೋಡಿಕೊಳ್ಳುವವರಲ್ಲಿ ಒಬ್ಬರಿಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ತಂತ್ರಾಂಶ ಹಾಕಿಕೊಂಡು, ಹೆಡ್‌ಫೋನ್ ತೊಟ್ಟು, ಕೀಬೋರ್ಡ್ ಮೇಲೇ ಎಲ್ಲ ಕೆಲಸ ಮಾಡುತ್ತಾರೆ. ಎಕ್ಸೆಲ್‌ನಲ್ಲಿ ಅವರ ಕೈ ತುಂಬ ಚುರುಕು. ತೊಂದರೆ ಶುರುವಾದದ್ದು ಅಂಗಡಿಯ ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ, ಅದಕ್ಕಿಂತ ಹೆಚ್ಚಾಗಿ ಆ ಸಾಫ್ಟ್‌ವೇರ್‌ಗೆ ಬಿಲ್ ತುಂಬುವ ಒಂದು ಸ್ಕ್ರಿಪ್ಟ್‌ನಿಂದ.

ಸ್ಕ್ರಿಪ್ಟ್ ಬರೆದದ್ದು ಅದೇ ಅಂಗಡಿಯ ಲೆಕ್ಕದ ವಿಭಾಗದ ಹುಡುಗ. ಕೀಬೋರ್ಡ್ ಕೆಲಸಗಳನ್ನು ತಾನಾಗಿಯೇ ಮಾಡಿಸುವ ಆಟೋಹಾಟ್‌ಕೀ ಎಂಬ ಭಾಷೆ ಕಲಿತಿದ್ದ. ಆರ್ಡರ್‌ಗಳು ಎಕ್ಸೆಲ್ ಹಾಳೆಯಲ್ಲಿ ಬರುತ್ತವೆ: ಪಾರ್ಟಿ ಕೋಡ್, ಐಟಂ, ಎಷ್ಟು, ದರ. ಒಂದು ಕೀ ಒತ್ತಿದರೆ ಸ್ಕ್ರಿಪ್ಟ್ ಆ ಸಾಲುಗಳನ್ನು ಒಂದೊಂದಾಗಿ ಓದಿ, ಬಿಲ್ಲಿಂಗ್ ವಿಂಡೋಗೆ ಹೋಗಿ, ಟ್ಯಾಬ್ ಒತ್ತುತ್ತ ಒತ್ತುತ್ತ ಎಲ್ಲ ತುಂಬಿ ಕೊನೆಗೆ ಉಳಿಸುತ್ತದೆ. ಕೈಯಲ್ಲಿ ಟೈಪ್ ಮಾಡುವ ಕೆಲಸ ಪೂರ್ತಿ ತಪ್ಪಿತು. ಕಣ್ಣು ಕಾಣುವ ಸಿಬ್ಬಂದಿಗೆ ಪರದೆಯ ಮೂಲೆಯಲ್ಲಿ ಒಂದು ಚಿಕ್ಕ ಹಳದಿ ಚೌಕ ಬಂದು ‘ಸಾಲು 7’, ‘ಮುಗಿಯಿತು’ ಎಂದು ತೋರಿಸುತ್ತಿತ್ತು. ಇವರಿಗೆ ಅದು ಇಲ್ಲ. ‘ಕೀ ಒತ್ತಿ ಸುಮ್ನ ಕುಂದರ್ತೀನ್ರಿ. ಮುಗೀತೋ, ನಡುವ ನಿಂತೈತೋ, ಒಂದೂ ತಿಳಿಯೂದಿಲ್ಲ’ ಎಂದು ಅವರು ನನಗೆ ಹೇಳಿದ್ದರು.

ಒಂದು ದಿನ ಅದು ಕೈಕೊಟ್ಟಿತು. ಬಿಲ್ ತುಂಬುವಾಗ ನಡುವೆ ‘ಸ್ಟಾಕ್ ಕಡಿಮೆ ಇದೆ, ಮುಂದುವರಿಯಬೇಕೇ’ ಎನ್ನುವ ಚಿಕ್ಕ ವಿಂಡೋ ಎದ್ದಿತು. ಸ್ಕ್ರಿಪ್ಟ್‌ಗೆ ಅದರ ಅರಿವಿಲ್ಲ. ಅದು ಕಳಿಸಿದ ಮುಂದಿನ ಎಂಟರ್ ಆ ಪ್ರಶ್ನೆಗೆ ಉತ್ತರವಾಗಿಬಿಟ್ಟಿತು. ಅಲ್ಲಿಂದ ಮುಂದೆ ಎಲ್ಲ ಒಂದು ಜಾಗ ಸರಿದು ಕೂತವು. ಒಂದು ಐಟಂನ ಸಂಖ್ಯೆ ಇನ್ನೊಂದರ ದರದ ಜಾಗದಲ್ಲಿ. ಗೊತ್ತಾದದ್ದು ಸಂಜೆ, ಪಾರ್ಟಿಯ ಕಡೆಯವರು ಫೋನ್ ಮಾಡಿದಾಗ. ಮಾಲೀಕರು ಕೆಟ್ಟವರಲ್ಲ. ಆದರೂ ಅವರ ಬಾಯಿಂದ ಬಂದ ಮೊದಲ ಮಾತು, ಇವರನ್ನು ಬಿಲ್ಲಿಂಗ್ ಬಿಡಿಸಿ ಫೋನ್ ಮೇಜಿಗೆ ಕೂರಿಸೋಣ ಎಂಬುದು.

ಈ ಮಾತಿಗೆ ನನಗೆ ತುಂಬ ಸಂಕಟವಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು. ಅದನ್ನು ಹೇಳಬಹುದಿತ್ತು. ಅದಕ್ಕಿಂತ ಮುಖ್ಯವಾದ ಮಾತು ಬೇರೆ ಇತ್ತು. ಆ ಸ್ಟಾಕ್ ವಿಂಡೋ ಕಣ್ಣು ಕಾಣುವವರಿಗೂ ಒಂದು ಕ್ಷಣ ಮಿನುಗಿ ಮಾಯವಾಗುತ್ತಿತ್ತು. ಅವರು ನೋಡಿದ್ದರೂ ನಿಲ್ಲಿಸುವಷ್ಟು ಹೊತ್ತಿರಲಿಲ್ಲ. ಅಂದರೆ ಕೊರತೆ ಇದ್ದದ್ದು ಸ್ಕ್ರಿಪ್ಟ್‌ನಲ್ಲಿ. ಅದನ್ನು ಸರಿಪಡಿಸಲು ಸಮಯ ಕೊಡಿ ಎಂದು ಕೇಳಿದೆವು. ಮಾಲೀಕರು ಒಪ್ಪಿದರು.

ಅವತ್ತು ನಡೆದದ್ದೇನು

ಮೊದಲ ಪ್ರಶ್ನೆ ಇದು: ಹೊಸ ವಿಂಡೋ ಎದ್ದಾಗ ಎನ್‌ವಿಡಿಎ ತಾನಾಗಿಯೇ ಓದುತ್ತದೆ ಅಲ್ವಾ? ಹಾಗಿದ್ದರೆ ‘ಸ್ಟಾಕ್ ಕಡಿಮೆ’ ಎಂಬುದು ಅವರಿಗೆ ಯಾಕೆ ಕೇಳಿಸಲಿಲ್ಲ?

ಎನ್‌ವಿಡಿಎ ಓದಲು ಶುರು ಮಾಡಿತ್ತು. ಆದರೆ ಯಾವುದೇ ಸ್ಕ್ರೀನ್ ರೀಡರ್‌ಗೆ ಒಂದು ಅಭ್ಯಾಸವಿದೆ. ಬಳಕೆದಾರರು ಕೀ ಒತ್ತಿದ ಕೂಡಲೇ ಅದು ಮಾತು ನಿಲ್ಲಿಸುತ್ತದೆ. ಮನುಷ್ಯರಿಗೆ ಇದು ಬೇಕೇ ಬೇಕು. ಇಲ್ಲದಿದ್ದರೆ ಮೆನುವಿನಲ್ಲಿ ಕೆಳಗೆ ಇಳಿಯುವಾಗ ಪ್ರತಿ ಹೆಸರೂ ಪೂರ್ತಿ ಮುಗಿಯುವ ತನಕ ಕಾಯಬೇಕಾಗುತ್ತದೆ. ಈಗ ಸ್ಕ್ರಿಪ್ಟ್ ಕಳಿಸುವ ಕೀಗಳ ವಿಷಯ ನೋಡಿ. ಎನ್‌ವಿಡಿಎಯ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ‘ಬೇರೆ ಅಪ್ಲಿಕೇಶನ್‌ಗಳಿಂದ ಬರುವ ಕೀಗಳನ್ನು ನಿಭಾಯಿಸು’ ಎಂಬ ಅರ್ಥದ ಒಂದು ಆಯ್ಕೆ ಇದೆ. ಅದು ಮೊದಲಿನಿಂದಲೇ ಆನ್ ಇರುತ್ತದೆ. ಹಾಗಾಗಿ ಸ್ಕ್ರಿಪ್ಟ್ ಕಳಿಸಿದ ಟ್ಯಾಬ್, ಎಂಟರ್ ಎಲ್ಲವನ್ನೂ ಎನ್‌ವಿಡಿಎ ಅವರ ಬೆರಳಿನಿಂದಲೇ ಬಂದದ್ದು ಎಂದುಕೊಳ್ಳುತ್ತದೆ. ‘ಸ್ಟಾ...’ ಎನ್ನುವಷ್ಟರಲ್ಲಿ ಎಂಟರ್ ಬಂತು, ದನಿ ನಿಂತಿತು, ವಿಂಡೋ ಮುಚ್ಚಿತು.

ಆ ಆಯ್ಕೆಯನ್ನು ಆಫ್ ಮಾಡಿದರೆ ಆಯಿತಲ್ಲ ಎಂದು ಹುಡುಗ ಕೇಳಿದ. ಅದು ಒಂದು ಸ್ಕ್ರಿಪ್ಟ್‌ಗೆ ಮಾತ್ರ ಸೀಮಿತವಲ್ಲ, ಕಂಪ್ಯೂಟರ್‌ನ ಎಲ್ಲ ಪ್ರೋಗ್ರಾಮ್‌ಗಳಿಗೂ ಅನ್ವಯಿಸುತ್ತದೆ. ಪರದೆಯ ಮೇಲಿನ ಕೀಬೋರ್ಡ್, ಮಾತಿನಿಂದ ಟೈಪ್ ಮಾಡುವ ಸಾಧನಗಳೆಲ್ಲ ಅದನ್ನು ನಂಬಿಕೊಂಡಿವೆ. ಇನ್ನೂ ದೊಡ್ಡ ಕಾರಣ ಎಂದರೆ, ಮಾತು ಪೂರ್ತಿ ಕೇಳಿಸಿದರೂ ಆ ಎಂಟರ್ ಹೇಗೂ ಪ್ರಶ್ನೆಯನ್ನು ಮುಚ್ಚಿಬಿಡುತ್ತದೆ. ಆಗ ಆಗಿಹೋದ ಅನಾಹುತದ ಸುದ್ದಿ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ, ಅಷ್ಟೇ.

ಹಾಗಾಗಿ ಕೆಲಸ ಎರಡಾಯಿತು. ಸ್ಕ್ರಿಪ್ಟ್‌ಗೆ ಮಾತು ಬರಬೇಕು. ಜೊತೆಗೆ ಮಾತಾಡಲು ಅದು ನಿಲ್ಲಲೂ ಕಲಿಯಬೇಕು.

ಹುಡುಗ ಮಾಡಿ ನೋಡಿದ್ದ ದಾರಿಗಳು

ನಾನು ಸೇರುವ ಮೊದಲೇ ಆತ ಕೆಲವು ಪ್ರಯತ್ನ ಮಾಡಿದ್ದ. ಹಳದಿ ಚೌಕ, ಅಂದರೆ ಟೂಲ್‌ಟಿಪ್, ಎನ್‌ವಿಡಿಎಗೆ ನಂಬಿಕಸ್ತ ದಾರಿಯಲ್ಲ. ಟೂಲ್‌ಟಿಪ್ ಓದುವ ಸೆಟ್ಟಿಂಗ್ ಬೇರೆಯೇ ಇದೆ. ಅದನ್ನು ಆನ್ ಮಾಡಿದರೆ ಬೇರೆ ಪ್ರೋಗ್ರಾಮ್‌ಗಳ ಟೂಲ್‌ಟಿಪ್‌ಗಳೂ ಕಿವಿಗೆ ಬಡಿಯತೊಡಗುತ್ತವೆ. ಗಡಿಯಾರದ ಪಕ್ಕದ ಸೂಚನೆಗಳನ್ನು ಎನ್‌ವಿಡಿಎ ಓದುತ್ತದೆ, ನಿಜ. ಆದರೆ ಅವು ತಡವಾಗಿ ಬರುತ್ತವೆ. ಯಾರಾದರೂ ವಿಂಡೋಸ್‌ನಲ್ಲಿ ಸೂಚನೆ ಬೇಡ ಎಂದು ಹಾಕಿದ್ದರೆ ಬರುವುದೇ ಇಲ್ಲ. ಮೆಸೇಜ್ ಬಾಕ್ಸ್ ಹಾಕಿದರೆ ಖಂಡಿತ ಕೇಳಿಸುತ್ತದೆ, ಆದರೆ ಅದು ಬಿಲ್ಲಿಂಗ್ ವಿಂಡೋ ಕೈಯಿಂದ ಫೋಕಸ್ (ಒತ್ತಿದ ಕೀ ಹೋಗಿ ಸೇರುವ ಜಾಗ) ಕಿತ್ತುಕೊಳ್ಳುತ್ತದೆ. ಸಾಲು ಸಾಲಿಗೂ ಅದನ್ನು ಮುಚ್ಚುತ್ತ ಕೂತರೆ ಸ್ಕ್ರಿಪ್ಟ್ ಇಟ್ಟುಕೊಂಡು ಏನು ಪ್ರಯೋಜನ?

ಬೀಪ್ ಕೂಡ ಹಾಕಿದ್ದ. ಒಂದು ಬೀಪ್ ಮುಗಿಯಿತು, ಎರಡು ಬೀಪ್ ತಪ್ಪಾಯಿತು. ಯಾವ ಸಾಲಿನಲ್ಲಿ, ಏನು ತಪ್ಪು ಎಂಬುದು ಬೀಪ್‌ನಿಂದ ತಿಳಿಯುವುದಿಲ್ಲವಲ್ಲ.

ಆಮೇಲೆ ಆತ ವಿಂಡೋಸ್‌ನ ಸ್ವಂತ ಮಾತಿನ ವ್ಯವಸ್ಥೆ ಸ್ಯಾಪಿ ಹಿಡಿದ. ಇದು ಬಹಳ ಜನ ಹಿಡಿಯುವ ದಾರಿ, ಯಾಕೆಂದರೆ ಸುಲಭ. ಸ್ಯಾಪಿಯ ವಾಯ್ಸ್ ಆಬ್ಜೆಕ್ಟ್ ಒಂದನ್ನು ಕರೆದು ‘ಮಾತಾಡು’ ಎಂದರೆ ಮುಗಿಯಿತು. ಡಿಎಲ್‌ಎಲ್ (ಬೇರೆ ಪ್ರೋಗ್ರಾಮ್‌ಗಳು ಕರೆದು ಬಳಸುವ ಕೋಡ್ ಫೈಲ್) ಬೇಡ, ಏನೂ ಬೇಡ. ಕಣ್ಣು ಕಾಣುವವರ ಕಿವಿಗೆ ಇದು ಪರಿಪೂರ್ಣವಾಗಿ ಕೇಳುತ್ತದೆ. ಸ್ಕ್ರೀನ್ ರೀಡರ್ ಬಳಸುವವರಿಗೆ ಇದು ಹಿಂಸೆ. ಒಂದೇ ಹೆಡ್‌ಫೋನ್‌ನಲ್ಲಿ ಇಬ್ಬರು ಒಟ್ಟಿಗೆ ಮಾತಾಡುತ್ತಾರೆ. ಕಂಟ್ರೋಲ್ ಒತ್ತಿದರೆ ಎನ್‌ವಿಡಿಎ ಸುಮ್ಮನಾಗುತ್ತದೆ, ಸ್ಯಾಪಿ ಸುಮ್ಮನಾಗುವುದಿಲ್ಲ. ಇವರು ಎನ್‌ವಿಡಿಎಯನ್ನು ಬಹಳ ವೇಗದಲ್ಲಿ ಇಟ್ಟುಕೊಂಡವರು. ಸ್ಯಾಪಿ ತನ್ನದೇ ನಿಧಾನದಲ್ಲಿ ಎಳೆಯುತ್ತದೆ. ಕಾಯದೆ ಮುಂದೆ ಹೋಗು ಎಂಬ ಸೂಚನೆ ಜೊತೆಗೆ ಕೊಡದಿದ್ದರೆ, ಅದರ ಮಾತು ಮುಗಿಯುವ ತನಕ ಸ್ಕ್ರಿಪ್ಟ್ ಕೂಡ ನಿಂತೇ ಇರುತ್ತದೆ. ಪಠ್ಯವನ್ನು ಬೆರಳಿಗೆ ಚುಕ್ಕಿಗಳಾಗಿ ಮೂಡಿಸುವ ಬ್ರೈಲ್ ಡಿಸ್‌ಪ್ಲೇ ಬಳಸುವವರಿಗಂತೂ ಅದರಿಂದ ಒಂದು ಅಕ್ಷರವೂ ತಲುಪುವುದಿಲ್ಲ. ಆ ಕಂಪ್ಯೂಟರ್‌ನಲ್ಲಿ ಸ್ಯಾಪಿಗೆ ಇದ್ದದ್ದು ಬರೀ ಇಂಗ್ಲಿಷ್ ದನಿಗಳು. ಕನ್ನಡದ ಪಾರ್ಟಿ ಹೆಸರು ಬಂದರೆ ಅಲ್ಲಿಗೆ ಮೌನ.

ನನ್ನ ನಿಲುವು ಇಲ್ಲಿ ಖಚಿತ. ಒಬ್ಬರು ತಮ್ಮ ಸ್ಕ್ರೀನ್ ರೀಡರ್‌ನ ದನಿ, ವೇಗ, ಏರಿಳಿತ, ಭಾಷೆ ಎಲ್ಲವನ್ನೂ ವರ್ಷಗಟ್ಟಲೆ ತಮ್ಮ ಕಿವಿಗೆ ಹೊಂದಿಸಿಕೊಂಡಿರುತ್ತಾರೆ. ನಮ್ಮ ಸ್ಕ್ರಿಪ್ಟ್ ಅದೇ ದನಿಯಲ್ಲಿ, ಅದೇ ಸರದಿಯಲ್ಲಿ ನಿಂತು ಮಾತಾಡಬೇಕು. ಸ್ಯಾಪಿ ಇರಲಿ, ಆದರೆ ಯಾವ ಸ್ಕ್ರೀನ್ ರೀಡರೂ ಓಡುತ್ತಿಲ್ಲದಾಗ ಕೊನೆಯ ಆಸರೆಯಾಗಿ ಮಾತ್ರ.

ಎನ್‌ವಿಡಿಎಯ ಬಾಗಿಲು

ಎನ್‌ವಿಡಿಎ 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದದ್ದು. ಶುರು ಮಾಡಿದ ಮೈಕೆಲ್ ಕರನ್ ಅವರಿಗೂ ಕಣ್ಣು ಕಾಣುವುದಿಲ್ಲ. ಉಚಿತ, ಮುಕ್ತ ತಂತ್ರಾಂಶ. ಅದು ಹೊರಗಿನ ಪ್ರೋಗ್ರಾಮ್‌ಗಳಿಗೆಂದೇ ಒಂದು ಬಾಗಿಲು ಇಟ್ಟಿದೆ. ಅದರ ಹೆಸರು ಕಂಟ್ರೋಲರ್ ಕ್ಲೈಂಟ್. ಒಂದು ಚಿಕ್ಕ ಡಿಎಲ್‌ಎಲ್ ಫೈಲ್, ಅಷ್ಟೇ. ಎನ್‌ವಿಡಿಎ ಜೊತೆ ಇನ್‌ಸ್ಟಾಲ್ ಆಗುವುದಿಲ್ಲ, ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕು. ಅದರ ಪರವಾನಗಿ ಎಲ್‌ಜಿಪಿಎಲ್ 2.1. ಹಾಗಾಗಿ ನಮ್ಮ ಸ್ಕ್ರಿಪ್ಟ್ ಜೊತೆಗೇ ಇಟ್ಟು ಹಂಚಬಹುದು.

ಅದರಲ್ಲಿ ಹಳೆಯ ಕಾಲದಿಂದ ಇರುವ ಫಂಕ್ಷನ್‌ಗಳು ನಾಲ್ಕು. ಟೆಸ್ಟ್ ಇಫ್ ರನ್ನಿಂಗ್ ಎಂಬುದು ಎನ್‌ವಿಡಿಎ ಓಡುತ್ತಿದೆಯೇ ಎಂದು ಕೇಳುತ್ತದೆ. ಸ್ಪೀಕ್ ಟೆಕ್ಸ್ಟ್ ನಾವು ಕೊಟ್ಟ ಸಾಲನ್ನು ಹೇಳಿಸುತ್ತದೆ. ಕ್ಯಾನ್ಸಲ್ ಸ್ಪೀಚ್ ನಡೆಯುತ್ತಿರುವ ಮಾತನ್ನು ನಿಲ್ಲಿಸುತ್ತದೆ. ಬ್ರೈಲ್ ಮೆಸೇಜ್ ಅದೇ ಸಾಲನ್ನು ಬ್ರೈಲ್ ಡಿಸ್‌ಪ್ಲೇಗೆ ಕಳಿಸುತ್ತದೆ. ಆಟೋಹಾಟ್‌ಕೀಯಿಂದ ಇವನ್ನು ಡಿಎಲ್‌ಎಲ್‌ಕಾಲ್ ಮೂಲಕ ಕರೆಯುವುದು. ಪ್ರತಿಯೊಂದೂ ಒಂದು ಸಂಖ್ಯೆ ಹಿಂದಿರುಗಿಸುತ್ತದೆ. ಸೊನ್ನೆ ಬಂದರೆ ಸರಿ. 1722 ಬಂದರೆ ಆ ಕಡೆ ಎನ್‌ವಿಡಿಎ ಇಲ್ಲ ಎಂದರ್ಥ. ಹುಡುಗ ಈ ಪರೀಕ್ಷೆಯನ್ನು ಸ್ಕ್ರಿಪ್ಟ್ ಶುರುವಿನಲ್ಲಿ ಒಮ್ಮೆ ಮಾಡಿದರೆ ಸಾಕು ಎಂದುಕೊಂಡಿದ್ದ. ಸಾಲದು. ಎನ್‌ವಿಡಿಎ ನಡುವೆ ಸಿಕ್ಕಿಕೊಂಡರೆ ಜನ ಕಂಟ್ರೋಲ್, ಆಲ್ಟ್, ಎನ್ ಒತ್ತಿ ಮತ್ತೆ ಎಬ್ಬಿಸುತ್ತಾರೆ. ಪ್ರತಿ ಮಾತಿಗೂ ಮುಂಚೆ ಕೇಳುವುದೇ ಸರಿ.

ಮೊದಲ ಸಲ ಓಡಿಸಿದಾಗ ಡಿಎಲ್‌ಎಲ್ ಲೋಡ್ ಆಗಲಿಲ್ಲ. ಕಾರಣ ಹಳೆಯದೇ. ಆಟೋಹಾಟ್‌ಕೀ 64 ಬಿಟ್‌ನದು, ಪಕ್ಕದಲ್ಲಿ ಇಟ್ಟದ್ದು 32 ಬಿಟ್ ಡಿಎಲ್‌ಎಲ್. ಎರಡೂ ಒಂದೇ ಇರಬೇಕು. ಎನ್‌ವಿಡಿಎ ಯಾವ ಬಿಟ್‌ನದು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಡಿಎಲ್‌ಎಲ್ ಅನ್ನು ಕರೆಯುವ ಪ್ರೋಗ್ರಾಮ್ ಯಾವುದು ಎಂಬುದೇ ಮುಖ್ಯ. ಹಳೆಯ ಪ್ಯಾಕೇಜ್‌ಗಳಲ್ಲಿ ಡಿಎಲ್‌ಎಲ್ ಹೆಸರಿನ ಕೊನೆಗೇ 32, 64 ಎಂದು ಇರುತ್ತಿತ್ತು. ಎನ್‌ವಿಡಿಎಯ 2024.1 ಆವೃತ್ತಿಯಿಂದ ಹೆಸರು ಒಂದೇ, ಫೋಲ್ಡರ್ ಮಾತ್ರ ಬೇರೆ ಬೇರೆ. ಹೊಸಬರು ಇಲ್ಲಿ ಜಾಸ್ತಿ ಎಡವುತ್ತಾರೆ. ಹೆಸರು ನೋಡಿ ಗುರುತಿಸಲು ಆಗುವುದಿಲ್ಲ.

ಇಂಗ್ಲಿಷ್ ಮಾತು ಬಂತು. ಕನ್ನಡ ಬರಲಿಲ್ಲ. ಏನೇನೋ ಚಿಹ್ನೆಗಳ ಹೆಸರು ಓದತೊಡಗಿತು. ಇದು ಕನ್ನಡದಲ್ಲಿ ಸಂದೇಶ ಬರೆಯುವ ಪ್ರತಿಯೊಬ್ಬರಿಗೂ ಎದುರಾಗುವ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಸ್ಕ್ರಿಪ್ಟ್ ಆಟೋಹಾಟ್‌ಕೀಯ ಒಂದನೇ ಆವೃತ್ತಿಯದು. ಫೈಲ್‌ನ ತಲೆಯಲ್ಲಿ ಬಾಮ್ ಎಂಬ ಗುರುತು ಇಲ್ಲದಿದ್ದರೆ ಆ ಆವೃತ್ತಿ ಫೈಲನ್ನು ಯುಟಿಎಫ್-8 (ಕನ್ನಡವೂ ಸೇರಿ ಎಲ್ಲ ಲಿಪಿಗಳಿಗೂ ಆಗುವ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಸಂಖ್ಯೆಗಳಾಗಿ ಬರೆದಿಡುವ ಕ್ರಮ) ಎಂದು ತಿಳಿಯುವುದಿಲ್ಲ. ಸಿಸ್ಟಮ್‌ನ ಹಳೆಯ ಎನ್‌ಕೋಡಿಂಗ್ ಎಂದೇ ಓದುತ್ತದೆ. ಈಗಿನ ನೋಟ್‌ಪ್ಯಾಡ್ ಬಾಮ್ ಇಲ್ಲದೆ ಉಳಿಸುತ್ತದೆ. ಹಾಗಾಗಿ ‘ಸೇವ್ ಆ್ಯಸ್’ಗೆ ಹೋಗಿ ಬಾಮ್ ಸಹಿತ ಯುಟಿಎಫ್-8 ಎಂಬುದನ್ನು ನಾವೇ ಆರಿಸಬೇಕು. 2022ರ ಡಿಸೆಂಬರ್‌ನಲ್ಲಿ ಬಂದ ಎರಡನೇ ಆವೃತ್ತಿ ಮೊದಲೇ ಯುಟಿಎಫ್-8 ಎಂದು ಓದುತ್ತದೆ, ಅಲ್ಲಿ ಈ ತಾಪತ್ರಯವಿಲ್ಲ. ಇನ್ನೊಂದು ಎಚ್ಚರ: ಕಂಟ್ರೋಲರ್ ಕ್ಲೈಂಟ್‌ಗೆ ಬೇಕಾದದ್ದು ಯುಟಿಎಫ್-16 ಎಂಬ ಇನ್ನೊಂದು ಎನ್‌ಕೋಡಿಂಗ್‌ನ ಪಠ್ಯ. ಡಿಎಲ್‌ಎಲ್‌ಕಾಲ್‌ನಲ್ಲಿ ಪಠ್ಯದ ಬಗೆಯನ್ನು ‘ಡಬ್ಲ್ಯುಎಸ್‌ಟಿಆರ್’ ಎಂದು ಬರೆದುಬಿಟ್ಟರೆ ಗೊಂದಲವಿಲ್ಲ.

ದನಿ ಅವರದ್ದೇ, ಎನ್‌ವಿಡಿಎ ಜೊತೆಗೇ ಬರುವ ಈಸ್ಪೀಕ್ ಎನ್‌ಜಿಯ ಕನ್ನಡ ದನಿ. ಹೊರಗಿನವರಿಗೆ ಅದು ಯಂತ್ರದ ಗಂಟಲು ಎನಿಸಬಹುದು. ವೇಗ ಎಷ್ಟು ಏರಿಸಿದರೂ ಅಕ್ಷರ ಬಿಡದೆ ಹೇಳುತ್ತದೆ, ಅದಕ್ಕೇ ಅವರಿಗೆ ಅದು ಇಷ್ಟ. ನಡುವೆ ಇಂಗ್ಲಿಷ್ ಐಟಂ ಹೆಸರು ಬಂದರೂ ಓದಿಕೊಂಡು ಹೋಗುತ್ತದೆ.

ಹೇಳಿದ ಮಾತು ಕಿವಿ ತಲುಪುವುದು

ಸಂದೇಶ ಹೊರಟಿತು, ಸೊನ್ನೆಯೂ ಬಂತು. ಆದರೂ ಅವರಿಗೆ ಅರ್ಧ ಕೇಳಿಸಿತು, ಒಮ್ಮೊಮ್ಮೆ ಏನೂ ಕೇಳಿಸಲಿಲ್ಲ. ಈ ಪ್ರಕರಣದಲ್ಲಿ ನಮಗೆ ಜಾಸ್ತಿ ಹೊತ್ತು ಹಿಡಿದದ್ದು ಇಲ್ಲೇ.

ಸ್ಪೀಕ್ ಟೆಕ್ಸ್ಟ್ ಕೊಡುವ ಸೊನ್ನೆಯ ಅರ್ಥ ‘ಮಾತು ಸರದಿಗೆ ಸೇರಿತು’ ಎಂದಷ್ಟೇ. ‘ಹೇಳಿ ಮುಗಿಸಿದೆ’ ಎಂದಲ್ಲ. ಫಂಕ್ಷನ್ ತಕ್ಷಣ ಹಿಂದಿರುಗುತ್ತದೆ, ಸ್ಕ್ರಿಪ್ಟ್ ಮುಂದಿನ ಸಾಲಿಗೆ ಹೋಗಿ ಟ್ಯಾಬ್ ಕಳಿಸುತ್ತದೆ, ಆ ಟ್ಯಾಬ್ ನಮ್ಮದೇ ಮಾತನ್ನು ಕತ್ತರಿಸುತ್ತದೆ. ಮುಂದಿರುವ ವಿಂಡೋ ಬದಲಾದಾಗಲೂ ಎನ್‌ವಿಡಿಎ ಹಳೆಯ ಮಾತನ್ನು ಬಿಟ್ಟುಬಿಡುತ್ತದೆ. ಸ್ಕ್ರಿಪ್ಟ್‌ನಲ್ಲಿ ‘ಉಳಿಸುತ್ತಿದ್ದೇನೆ’ ಎಂದು ಹೇಳಿ ಆಮೇಲೆ ಉಳಿಸುವ ಕೀ ಒತ್ತುವ ಕ್ರಮ ಇತ್ತು. ಆ ಮಾತು ಯಾವತ್ತೂ ಕೇಳಿಸುವ ಹಾಗಿರಲಿಲ್ಲ.

ಕ್ರಮವನ್ನು ತಿರುಗಿಸಿದೆವು. ಮೊದಲು ಕೀ ಕಳಿಸು. ಆಮೇಲೆ ಬರಬೇಕಾದ ವಿಂಡೋ ಮುಂದೆ ಬರುವ ತನಕ ಕಾಯಿ. ಕೊನೆಗೆ ಮಾತಾಡು, ಮಾತಾಡಿದ ಮೇಲೆ ಕೀ ಕಳಿಸಬೇಡ. ಸಾಲು ಸಾಲಿನ ಸಂದೇಶಗಳನ್ನು ಪೂರ್ತಿ ತೆಗೆದೆವು. ಸ್ಕ್ರಿಪ್ಟ್ ಮಾತಾಡುವುದು ಎರಡೇ ಸಂದರ್ಭದಲ್ಲಿ: ಮುಗಿದಾಗ, ಇಲ್ಲವೇ ನಿಂತಾಗ. ಆ ಎರಡೂ ಹೊತ್ತಿನಲ್ಲಿ ಅದು ಕೀ ಒತ್ತುತ್ತಿರುವುದಿಲ್ಲ, ಹಾಗಾಗಿ ಮಾತು ಪೂರ್ತಿ ಕೇಳಿಸುತ್ತದೆ. ಮಾತಿಗೆ ಮುಂಚೆ ಕ್ಯಾನ್ಸಲ್ ಸ್ಪೀಚ್ ಒಮ್ಮೆ, ಸರದಿಯಲ್ಲಿ ಉಳಿದ ಚೂರುಪಾರು ಹೋಗಲಿ ಎಂದು.

ಸ್ಕ್ರಿಪ್ಟ್ ಓಡುವಾಗ ಎನ್‌ವಿಡಿಎ ತಾನೇ ಪ್ರತಿ ಜಾಗದ ಹೆಸರನ್ನು ಹೇಳಲು ಹೋಗಿ ಅರ್ಧಕ್ಕೇ ನಿಲ್ಲುತ್ತಿತ್ತು. ಕಿವಿಗೆ ತುಂಡು ತುಂಡು ಸದ್ದು. ಅದನ್ನೂ ಅಡಗಿಸಬೇಕು ಎಂಬುದು ನನ್ನ ಆಲೋಚನೆ. ಅವರು ಬೇಡ ಎಂದರು. ‘ಅದು ಇರ್ಲಿ ಬಿಡ್ರಿ. ಆ ಸಪ್ಪಳ ಬರ್ತಿತ್ತಂದ್ರ ಕೆಲಸ ನಡದೈತಿ ಅಂತ. ನಿಂತ್ರ ಎಲ್ಲೋ ಸಿಕ್ಕೊಂಡೈತಿ ಅಂತ.’ ಸರಿಯಾದ ಮಾತು. ಅಲ್ಲಿಗೆ ಪ್ರಗತಿ ತೋರಿಸಲು ಬೇರೆ ಏನೂ ಮಾಡಬೇಕಾಗಲಿಲ್ಲ.

ಎನ್‌ವಿಡಿಎ 2024.1ರಲ್ಲಿ ಈ ಬಾಗಿಲು ಇನ್ನಷ್ಟು ಅಗಲವಾಗಿದೆ. ಸ್ಪೀಕ್ ಎಸ್‌ಎಸ್‌ಎಂಎಲ್ ಎಂಬ ಹೊಸ ಫಂಕ್ಷನ್‌ಗೆ ಮಾತಿನ ಆದ್ಯತೆ ಹೇಳಬಹುದು: ಮಾಮೂಲು, ಮುಂದಿನದು, ಈಗಲೇ. ಮಾತು ಮುಗಿಯುವ ತನಕ ಕಾಯುವಂತೆಯೂ ಕರೆಯಬಹುದು. ಸ್ಕ್ರಿಪ್ಟ್ ಮಾತಾಡಿದ ಮೇಲೆ ಮತ್ತೆ ಕೀ ಕಳಿಸಲೇಬೇಕಾದ ಕಡೆ ಇದು ಬಹಳ ಉಪಯೋಗ. ‘ನಿಂತಿತು’ ಎಂಬ ಸಂದೇಶಕ್ಕೆ ಈಗ ‘ಈಗಲೇ’ ಆದ್ಯತೆ ಕೊಟ್ಟಿದ್ದೇವೆ. ಒಂದು ಸಣ್ಣ ವಿಷಯ: ಎನ್‌ವಿಡಿಎಯನ್ನು ಯಾವುದಾದರೂ ಪ್ರೋಗ್ರಾಮ್‌ಗೆ ಸ್ಲೀಪ್ ಮೋಡ್‌ನಲ್ಲಿ (ಸುಮ್ಮನಿರುವ ಸ್ಥಿತಿಯಲ್ಲಿ) ಇಟ್ಟಿದ್ದರೆ, ಆ ಪ್ರೋಗ್ರಾಮ್ ಮುಂದಿರುವಾಗ ನಮ್ಮ ಮಾತನ್ನೂ ಅದು ಹೇಳುವುದಿಲ್ಲ.

ಏನು ಹೇಳಬೇಕು

ಹುಡುಗ ಮೊದಲು ಬರೆದ ಸಂದೇಶ ಹೀಗಿತ್ತು: ‘ಬಿಲ್ ದಾಖಲೆ ಪ್ರಕ್ರಿಯೆ ಯಶಸ್ವಿಯಾಗಿ ಪೂರ್ಣಗೊಂಡಿದೆ.’ ಕಣ್ಣಿಗೆ ಇದು ಚೆನ್ನಾಗಿ ಕಾಣುತ್ತದೆ. ಕಿವಿಗೆ ಬೇಕಾದ ವಿಷಯ ಕೊನೆಯ ಪದದಲ್ಲಿದೆ. ಅದರ ತನಕ ಕಾಯಬೇಕು. ದಿನಕ್ಕೆ ಹತ್ತಾರು ಬಿಲ್ ಮಾಡುವವರಿಗೆ ಅದು ದೊಡ್ಡ ಹೊರೆ.

ಅವರ ಜೊತೆ ಕೂತು ಹೊಸದಾಗಿ ಬರೆದೆವು. ‘ಉಳೀತು. ಬಿಲ್ 2418. ಮೊತ್ತ 18640.’ ‘ನಿಂತಿತು. ಸಾಲು 7. ಸ್ಟಾಕ್ ಕಡಿಮೆ.’ ‘ತಾಳೆ ಇಲ್ಲ. ಎಕ್ಸೆಲ್ 18640. ಬಿಲ್ 17390.’ ಮೊದಲ ಪದವೇ ಫಲಿತಾಂಶ. ಮೂರು ಮೊದಲ ಪದಗಳೂ ಬೇರೆ ಬೇರೆ ಸದ್ದಿನಿಂದ ಶುರುವಾಗುತ್ತವೆ. ವೇಗದಲ್ಲಿ ಕೇಳುವಾಗ ಒಂದಕ್ಕೊಂದು ಕಲಸಿಹೋಗುವುದಿಲ್ಲ. ‘ಉಳೀತು’ ಕೇಳಿದ ಕೂಡಲೇ ಕಂಟ್ರೋಲ್ ಒತ್ತಿ ಅವರು ಮುಂದಿನ ಆರ್ಡರ್‌ಗೆ ಹೋಗುತ್ತಾರೆ.

ಸಂಖ್ಯೆಗಳದ್ದು ಪ್ರತ್ಯೇಕ ಕತೆ. ಎಕ್ಸೆಲ್‌ನಿಂದ 1,25,000 ಎಂದು ಅಲ್ಪವಿರಾಮ ಸಹಿತ ಬಂದರೆ ದನಿ ಅದನ್ನು ತುಂಡು ಮಾಡಿ ಓದುತ್ತಿತ್ತು. ನಮ್ಮ ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮ ಬೀಳುವ ಜಾಗವೇ ಬೇರೆ ಅಲ್ವಾ. ಅಲ್ಪವಿರಾಮ ತೆಗೆದು ಕಳಿಸಿದೆವು, ಸರಿಹೋಯಿತು. ಪಾರ್ಟಿ ಕೋಡ್ 00417 ಎಂದಿದ್ದರೆ ‘ನಾನೂರ ಹದಿನೇಳು’ ಎಂದರೆ ಮುಂದಿನ ಸೊನ್ನೆಗಳು ಹೋದವು. ಅದಕ್ಕೆ ಅಂಕಿಗಳ ನಡುವೆ ಜಾಗ ಬಿಟ್ಟು ಕಳಿಸಿದರೆ ಒಂದೊಂದಾಗಿ ಓದುತ್ತದೆ. ಪಾಸ್‌ವರ್ಡ್ ಜಾಗಕ್ಕೆ ಸ್ಕ್ರಿಪ್ಟ್ ಏನೇ ತುಂಬಿದರೂ ಅದರ ಬಗ್ಗೆ ಮಾತಾಡಬಾರದು ಎಂದು ಮೊದಲೇ ಗೆರೆ ಎಳೆದಿದ್ದೆವು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ‘ಉಳೀತು’ ಎಂದು ಹೇಳುವ ಹಕ್ಕು ಸ್ಕ್ರಿಪ್ಟ್‌ಗೆ ಯಾವಾಗ ಬರುತ್ತದೆ? ಉಳಿಸುವ ಕೀ ಒತ್ತಿದೆ ಎಂಬ ಕಾರಣಕ್ಕೆ ಬರುವುದಿಲ್ಲ. ಒತ್ತಿದ್ದು ಬೇರೆ, ಆದದ್ದು ಬೇರೆ. ಕಣ್ಣು ಕಾಣುವವರು ಸಂದೇಶ ಓದಿದ ಮೇಲೂ ಪರದೆಯ ಮೇಲೆ ಒಮ್ಮೆ ಕಣ್ಣಾಡಿಸಿ ಖಚಿತ ಮಾಡಿಕೊಳ್ಳುತ್ತಾರೆ. ಇವರಿಗೆ ಸ್ಕ್ರಿಪ್ಟ್‌ನ ಮಾತೇ ಸಾಕ್ಷಿ. ಆ ಸಾಕ್ಷಿ ಊಹೆಯ ಮೇಲೆ ನಿಂತಿರಬಾರದು.

ಬಿಲ್ಲಿಂಗ್ ಸಾಫ್ಟ್‌ವೇರ್ ತನ್ನ ಐಟಂ ಪಟ್ಟಿಯನ್ನು ತಾನೇ ಚಿತ್ರದಂತೆ ಬಿಡಿಸುತ್ತದೆ. ಅದರೊಳಗಿನ ಪಠ್ಯ ಎನ್‌ವಿಡಿಎಗೂ ಸಿಗುವುದಿಲ್ಲ, ಸ್ಕ್ರಿಪ್ಟ್‌ಗೂ ಸಿಗುವುದಿಲ್ಲ. ಆದರೆ ಒಟ್ಟು ಮೊತ್ತದ ಜಾಗ ವಿಂಡೋಸ್‌ನ ಮಾಮೂಲು ಎಡಿಟ್ ಪೆಟ್ಟಿಗೆ. ಬಿಲ್ ಸಂಖ್ಯೆ ಕೆಳಗಿನ ಸ್ಟೇಟಸ್ ಬಾರ್‌ನಲ್ಲಿ ಬರುತ್ತದೆ. ಎರಡನ್ನೂ ಆಟೋಹಾಟ್‌ಕೀ ನೇರವಾಗಿ ಓದಬಲ್ಲದು. ಹಾಗಾಗಿ ಉಳಿಸುವ ಮೊದಲು ಸ್ಕ್ರಿಪ್ಟ್ ಆ ಮೊತ್ತ ಓದಿ, ಎಕ್ಸೆಲ್‌ನಲ್ಲಿ ತಾನೇ ಕೂಡಿದ ಮೊತ್ತದ ಜೊತೆ ಹೋಲಿಸುತ್ತದೆ. ತಾಳೆಯಾಗದಿದ್ದರೆ ಉಳಿಸುವುದಿಲ್ಲ, ಎರಡೂ ಮೊತ್ತ ಹೇಳಿ ನಿಲ್ಲುತ್ತದೆ. ಉಳಿಸಿದ ಮೇಲೆ ಹೊಸ ಬಿಲ್ ಸಂಖ್ಯೆ ಕಂಡರೆ ಮಾತ್ರ ‘ಉಳೀತು’.

ನಡುವೆ ಎದ್ದು ನಿಲ್ಲುವ ವಿಂಡೋಗಳಿಗೂ ದಾರಿ ಆಯಿತು. ಪ್ರತಿ ಕೀ ಗುಂಪು ಕಳಿಸುವ ಮೊದಲು ಮುಂದಿರುವುದು ಬಿಲ್ ವಿಂಡೋನೇ ಹೌದೇ ಎಂದು ಸ್ಕ್ರಿಪ್ಟ್ ನೋಡುತ್ತದೆ. ಅಲ್ಲದಿದ್ದರೆ ಕೈ ಎತ್ತುತ್ತದೆ. ಆ ಹೊಸ ವಿಂಡೋ ಮಾಮೂಲು ಡೈಲಾಗ್ ಆಗಿದ್ದರೆ ಅದರ ಪಠ್ಯವನ್ನು ತೆಗೆದು, ಯಾವ ಸಾಲಿನಲ್ಲಿ ನಿಂತೆ ಎಂಬುದರ ಜೊತೆ ಹೇಳುತ್ತದೆ. ಉತ್ತರ ಕೊಡುವುದು ಮನುಷ್ಯರ ಕೆಲಸ. ಸ್ಟಾಕ್ ಕಡಿಮೆ ಇದ್ದರೂ ಬಿಲ್ ಮಾಡಬೇಕೋ, ಗೋಡೌನ್‌ಗೆ ಫೋನ್ ಮಾಡಬೇಕೋ ಎಂಬುದು ಅವರಿಗೆ ಗೊತ್ತು, ಸ್ಕ್ರಿಪ್ಟ್‌ಗೆ ಗೊತ್ತಿಲ್ಲ.

ಕೀಗಳು, ಮತ್ತೆ ಕೇಳುವುದು

ಮಾತು ಬರುವ ಹೊತ್ತಿಗೇ ಯಾರೋ ಕರೆದರೆ, ಅವರು ತಪ್ಪಿ ಒಂದು ಕೀ ಒತ್ತಿದರೆ ಸಂದೇಶ ಹೋಯಿತು. ಕಣ್ಣಿನ ಸಂದೇಶ ಪರದೆಯ ಮೇಲೆ ಕಾಯುತ್ತ ಇರುತ್ತದೆ. ಕಿವಿಯ ಸಂದೇಶ ಕಾಯುವುದಿಲ್ಲ. ಅದಕ್ಕೆ ಒಂದು ಕೀ ಇಟ್ಟೆವು, ಒತ್ತಿದರೆ ಕೊನೆಯ ಸಂದೇಶವನ್ನು ಮತ್ತೆ ಹೇಳುತ್ತದೆ. ಜೊತೆಗೆ ಪ್ರತಿ ಸಂದೇಶವೂ ಸಮಯದ ಸಮೇತ ಒಂದು ಪಠ್ಯ ಫೈಲ್‌ಗೆ ಸೇರುತ್ತದೆ. ಸಂಜೆ ಅವರು ಅದನ್ನು ಬಾಣದ ಕೀಗಳಿಂದ ಓದಿ, ದಿನದ ಬಿಲ್‌ಗಳ ಜೊತೆ ತಾಳೆ ನೋಡುತ್ತಾರೆ. ನನಗೆ ಕೇಳಿದರೆ, ಇಡೀ ಕೆಲಸದಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಟ್ಟದ್ದು ಈ ಎರಡು.

ಕೀಗಳನ್ನು ಆರಿಸುವಾಗ ಎನ್‌ವಿಡಿಎ ಜೊತೆ ಗುದ್ದಾಟ ಆಗದಂತೆ ನೋಡಬೇಕು. ಇನ್ಸರ್ಟ್ ಮತ್ತು ಕ್ಯಾಪ್ಸ್ ಲಾಕ್ ಮುಟ್ಟುವ ಹಾಗಿಲ್ಲ, ಅವು ಎನ್‌ವಿಡಿಎ ಕೀಗಳು. ಎನ್‌ವಿಡಿಎ, ಆಟೋಹಾಟ್‌ಕೀ ಎರಡೂ ಕೀಬೋರ್ಡ್‌ಗೆ ಕೊಕ್ಕೆ ಹಾಕಿ ಕೂರುವ ಪ್ರೋಗ್ರಾಮ್‌ಗಳು. ಕೊನೆಗೆ ಕೊಕ್ಕೆ ಹಾಕಿದವರಿಗೆ ಕೀ ಮೊದಲು ಸಿಗುತ್ತದೆ. ನಿನ್ನೆ ಕೆಲಸ ಮಾಡಿದ ಕೀ ಇವತ್ತು ಎನ್‌ವಿಡಿಎ ಮತ್ತೆ ಶುರುವಾದ ಮೇಲೆ ಕೆಲಸ ಮಾಡಲಿಲ್ಲ ಎಂದರೆ ಬಹುಪಾಲು ಕಾರಣ ಇದೇ.

ಬೇರೆ ಸ್ಕ್ರೀನ್ ರೀಡರ್‌ಗಳು, ಬೇರೆ ದಾರಿಗಳು

ಅಂಗಡಿಯಲ್ಲಿ ಎನ್‌ವಿಡಿಎ ಮಾತ್ರ ಇದೆ. ಆದರೂ ಮಾತಾಡುವ ಭಾಗವನ್ನು ಬೇರೆ ಫೈಲ್‌ನಲ್ಲಿ ಇಟ್ಟು, ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರ್‌ಗೂ ಜಾಗ ಬಿಟ್ಟೆವು. ಜಾಸ್‌ಗೆ ಡಿಎಲ್‌ಎಲ್ ಬೇಡ. ‘ಫ್ರೀಡಂಸೈ ಡಾಟ್ ಜಾಸ್‌ಎಪಿಐ’ ಎಂಬ ಕಾಮ್ ಆಬ್ಜೆಕ್ಟ್ (ವಿಂಡೋಸ್‌ನಲ್ಲಿ ಒಂದು ಪ್ರೋಗ್ರಾಮ್ ಇನ್ನೊಂದನ್ನು ಕರೆಯುವ ದಾರಿ) ಇದೆ, ಅದರ ಸೇ ಸ್ಟ್ರಿಂಗ್‌ಗೆ ಪಠ್ಯವನ್ನೂ, ಹಿಂದಿನ ಮಾತು ನಿಲ್ಲಿಸಬೇಕೇ ಎಂಬುದನ್ನೂ ಕೊಟ್ಟರೆ ಸಾಕು. ಮ್ಯಾಕ್‌ನ ಸ್ಕ್ರೀನ್ ರೀಡರ್ ವಾಯ್ಸ್‌ಓವರ್ ಅನ್ನು ಆ್ಯಪಲ್‌ಸ್ಕ್ರಿಪ್ಟ್‌ನಿಂದ ಮಾತಾಡಿಸಬಹುದು, ಮೊದಲು ಅದರ ಸೆಟ್ಟಿಂಗ್‌ನಲ್ಲಿ ಅನುಮತಿ ಕೊಡಬೇಕು. ಲಿನಕ್ಸ್‌ನಲ್ಲಿ ಸ್ಪೀಚ್ ಡಿಸ್‌ಪ್ಯಾಚರ್ ಇದೆ, ಅಲ್ಲಿನ ಸ್ಕ್ರೀನ್ ರೀಡರ್ ಓರ್ಕಾ ಕೂಡ ಅದರ ಮೂಲಕವೇ ಮಾತಾಡುವುದು.

ಎನ್‌ವಿಡಿಎಗೆ ಪೈಥಾನ್‌ನಲ್ಲಿ ಒಂದು ಆ್ಯಡ್-ಆನ್ ಬರೆಯಬಹುದಿತ್ತಲ್ಲ ಎಂದು ತಿಳಿದವರು ಕೇಳುತ್ತಾರೆ. ಬರೆಯಬಹುದು. ಅಲ್ಲಿ ಒಂದೇ ಮಾತಿಗೆ ದನಿ, ಬ್ರೈಲ್ ಎರಡೂ ಬರುತ್ತವೆ. ಎನ್‌ವಿಡಿಎ ಬಳಕೆದಾರರಿಗೆ ಮಾತ್ರ ಬೇಕಾದ ಸಾಧನವಾದರೆ ನಾನೂ ಅದನ್ನೇ ಹೇಳುತ್ತೇನೆ. ಇಲ್ಲಿ ಕಣ್ಣು ಕಾಣುವ ಸಿಬ್ಬಂದಿಯೂ ಅದೇ ಸ್ಕ್ರಿಪ್ಟ್ ಬಳಸುತ್ತಾರೆ. ಇವರಿಗೆಂದು ಬೇರೆ ಪ್ರತಿ ಮಾಡಿದರೆ, ನಾಳೆ ಸಾಫ್ಟ್‌ವೇರ್ ಬದಲಾದಾಗ ಒಂದನ್ನು ತಿದ್ದುತ್ತಾರೆ, ಇನ್ನೊಂದನ್ನು ಮರೆಯುತ್ತಾರೆ. ಯಾವುದನ್ನು ಮರೆಯುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ. ಪ್ರತಿ ಒಂದೇ ಇರಬೇಕು. ಸ್ಕ್ರೀನ್ ರೀಡರ್ ಇದ್ದರೆ ಅದರಲ್ಲಿ ಮಾತಾಡಲಿ, ಇಲ್ಲದಿದ್ದರೆ ಹಳದಿ ಚೌಕ ತೋರಿಸಲಿ.

ಈಗಿನ ಸ್ಥಿತಿ

ಅವರು ಬಿಲ್ಲಿಂಗ್ ಮೇಜಿನಲ್ಲೇ ಇದ್ದಾರೆ. ಮೊತ್ತ ತಾಳೆ ನೋಡುವ ಭಾಗದಿಂದ ಎಲ್ಲರಿಗೂ ಲಾಭವಾಯಿತು. ದರ ತಪ್ಪಿದ ಬಿಲ್‌ಗಳು ಕಣ್ಣು ಕಾಣುವವರ ಮೇಜುಗಳಲ್ಲೂ ಉಳಿಸುವ ಮುಂಚೆಯೇ ಸಿಕ್ಕಿಬೀಳುತ್ತಿವೆ. ಮಾತಾಡುವ ಫೈಲನ್ನು ಹುಡುಗ ಈಗ ಬಾಕಿ ಪಟ್ಟಿ ತೆಗೆಯುವ ಸ್ಕ್ರಿಪ್ಟ್‌ಗೂ ಸೇರಿಸಿದ್ದಾನೆ. ಅದರ ಸಂದೇಶಗಳನ್ನು ಅವರೇ ಹೇಳಿ ಬರೆಸಿದರು.

ಬಗೆಹರಿಯದೆ ಉಳಿದದ್ದು ಐಟಂ ಪಟ್ಟಿ. ಅದರೊಳಗೆ ಏನಿದೆ ಎಂದು ಇವತ್ತಿಗೂ ಅವರಿಗೆ ನೇರವಾಗಿ ಕೇಳಿಸುವುದಿಲ್ಲ. ಒಟ್ಟು ಮೊತ್ತ ಸರಿ ಇದ್ದು ಎರಡು ಐಟಂ ಅದಲುಬದಲಾದರೆ ಸ್ಕ್ರಿಪ್ಟ್ ಹಿಡಿಯಲಾರದು. ಸದ್ಯಕ್ಕೆ ಉಳಿಸಿದ ಬಿಲ್ಲನ್ನು ಎಕ್ಸೆಲ್‌ಗೆ ಹೊರತೆಗೆದು, ಆರ್ಡರ್ ಹಾಳೆಯ ಜೊತೆ ಸಾಲು ಸಾಲಾಗಿ ಹೋಲಿಸುವ ಇನ್ನೊಂದು ಚಿಕ್ಕ ಸ್ಕ್ರಿಪ್ಟ್ ಬರೆಯುತ್ತಿದ್ದೇವೆ. ಸಾಫ್ಟ್‌ವೇರ್ ಮಾಡಿದವರಿಗೆ, ಆ ಪಟ್ಟಿಯ ಪಠ್ಯವನ್ನು ವಿಂಡೋಸ್‌ನ ಯುಐ ಆಟೋಮೇಶನ್ (ಪರದೆಯ ಮೇಲಿನದನ್ನು ಬೇರೆ ಪ್ರೋಗ್ರಾಮ್‌ಗಳಿಗೆ ಓದಲು ಕೊಡುವ ವ್ಯವಸ್ಥೆ) ಮೂಲಕ ತೋರಿಸಿ ಎಂದು ಮಾಲೀಕರೇ ಪತ್ರ ಬರೆದಿದ್ದಾರೆ.